ಕಂಟೇನರ್ ಎಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರೇ? ಶೆಲ್ ಸ್ಕ್ರಿಪ್ಟ್‌ನಲ್ಲಿ ಕಟ್ಟಿ ನೋಡೋಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರಿಗೆ ‘ಕಂಟೇನರ್’ ಎಂದರೆ ಮೊದಲು ನೆನಪಾಗುವುದು ನಿಪ್ಪಾಣಿ ಮೂಲಕ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ಉದ್ದನೆಯ ಲಾರಿಗಳು. ಈಗ ಅದೇ ಪದ ಮನೆಯೊಳಗೂ ಕೇಳಿಸುತ್ತಿದೆ. ಡಿಪ್ಲೊಮಾ, ಎಂಜಿನಿಯರಿಂಗ್, ಬಿಸಿಎ ಓದುವ ಮಕ್ಕಳು ‘ಡಾಕರ್’, ‘ಕಂಟೇನರ್’ ಎನ್ನುತ್ತಾರೆ. ಅದರ ಜತೆಗೇ ಎರಡು ಮಾತುಗಳು ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ಹರಿದಾಡುತ್ತವೆ.

ಮಾತು 1: “ಕಂಟೇನರ್ ಅಂದರೆ ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್. ಅದರೊಳಗೆ ಯಾವ ಫೈಲ್ ಓಡಿಸಿದರೂ ಹೊರಗೆ ಏನೂ ಆಗಲ್ಲ.”

ಮಾತು 2: “ಮೊಬೈಲ್‌ನಲ್ಲೂ ಪ್ರತಿ ಆ್ಯಪ್ ಬೇರೆ ಬೇರೆ ಡಬ್ಬಿಯಲ್ಲಿರುತ್ತೆ. ಹಾಕಿ ನೋಡಿ, ಬೇಡವಾದರೆ ತೆಗೆದುಬಿಡಿ.”

ನಮ್ಮ ಉತ್ತರ: ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸತ್ಯ. ಕಂಟೇನರ್ ಬೇರೆ ಕಂಪ್ಯೂಟರ್ ಅಲ್ಲ. ಇರುವ ಕಂಪ್ಯೂಟರಿನಲ್ಲೇ ಓಡುವ ಒಂದು ಸಾಮಾನ್ಯ ಪ್ರೋಗ್ರಾಂ ಸುತ್ತ ಎಬ್ಬಿಸಿದ ಕೆಲವು ಗೋಡೆಗಳು, ಅಷ್ಟೇ. ಗೋಡೆಗಳು ನಿಜ, ಅವುಗಳಲ್ಲಿ ಬಾಗಿಲುಗಳಿರುವುದೂ ನಿಜ. ಇದನ್ನು ಅರಿಯಲು ಒಳ್ಳೆಯ ದಾರಿ, ಒಂದು ಪುಟ್ಟ ಕಂಟೇನರನ್ನು ಶೆಲ್ ಸ್ಕ್ರಿಪ್ಟ್‌ನಲ್ಲಿ ನಾವೇ ಕಟ್ಟಿ ನೋಡುವುದು. ಕಂಪ್ಯೂಟರ್ ಓದದವರೂ ಕೊನೆಯವರೆಗೆ ಬನ್ನಿ. ನಿಮ್ಮ ಫೋನಿಗೆ ಬರುವ ಫೈಲ್‌ಗಳ ವಿಷಯ ಅಲ್ಲಿದೆ.

ಹೆಸರು ಬಂದದ್ದು ಹಡಗಿನಿಂದ

1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್‌ನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಹೂಸ್ಟನ್‌ಗೆ ಹೊರಟಿತು. ಇದರ ಹಿಂದಿದ್ದವರು ಲಾರಿ ಉದ್ಯಮಿ ಮಾಲ್ಕಮ್ ಮೆಕ್‌ಲೀನ್. ಪೆಟ್ಟಿಗೆಗಳಿಗೆ ಒಂದೇ ಅಳತೆ ಗೊತ್ತುಮಾಡಿದರೆ ಒಳಗೆ ತಂಬಾಕು ಇದೆಯೋ ಬಟ್ಟೆ ಇದೆಯೋ ಎಂದು ಕ್ರೇನಿನವನು, ಲಾರಿಯವನು ನೋಡಬೇಕಿಲ್ಲ.

ಸಾಫ್ಟ್‌ವೇರ್‌ನವರಿಗೂ ಇಂಥದ್ದೇ ಕಷ್ಟವಿತ್ತು. “ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ, ನಿಮ್ಮದರಲ್ಲಿ ಯಾಕೆ ಓಡಲ್ಲ?” ಎಂಬ ಜಗಳ. ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಫೈಲ್‌ಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಕಳಿಸಿದರೆ ಈ ಜಗಳ ಬಹುಪಾಲು ಮುಗಿಯಿತು. 2013ರಲ್ಲಿ ಬಂದ ಡಾಕರ್ ಈ ಪದ್ಧತಿಯನ್ನು ಎಲ್ಲರ ಕೈಗೂ ಕೊಟ್ಟಿತು. ತಾನು ವಾರಕ್ಕೆ 200 ಕೋಟಿಗೂ ಹೆಚ್ಚು ಕಂಟೇನರ್‌ಗಳನ್ನು ಶುರುಮಾಡುತ್ತೇನೆಂದು ಗೂಗಲ್ 2014ರಲ್ಲೇ ಹೇಳಿತ್ತು.

ಆದರೆ ಹೆಸರೇ ತಪ್ಪು ಚಿತ್ರವನ್ನೂ ಕೊಟ್ಟಿತು. ಹಡಗಿನ ಕಂಟೇನರ್ ಉಕ್ಕಿನದು, ಆರೂ ಕಡೆ ಮುಚ್ಚಿದ್ದು. ಕಂಪ್ಯೂಟರಿನ ಕಂಟೇನರ್ ಹಾಗಿಲ್ಲ.

ಬೇರೆ ಮನೆಯೋ, ಪಾಲಾದ ಮನೆಯೋ?

ಅಣ್ಣತಮ್ಮಂದಿರು ಬೇರೆಯಾಗುವುದರಲ್ಲಿ ಎರಡು ಬಗೆ. ಒಬ್ಬ ಊರಾಚೆ ಜಾಗ ತಗೊಂಡು ಹೊಸ ಅಡಿಪಾಯ ಹಾಕಿ ಮನೆ ಕಟ್ಟುತ್ತಾನೆ. ಕಂಪ್ಯೂಟರ್ ಭಾಷೆಯಲ್ಲಿ ಇದು ‘ವರ್ಚುವಲ್ ಮಷಿನ್’. ಅದಕ್ಕೆ ತನ್ನದೇ ಕರ್ನಲ್ ಇರುತ್ತದೆ. ಕರ್ನಲ್ ಎಂದರೆ ಮೆಮೊರಿ, ಡಿಸ್ಕ್, ಪ್ರೊಸೆಸರ್ ಯಾರಿಗೆ ಎಷ್ಟು, ಯಾವಾಗ ಎಂದು ತೀರ್ಮಾನಿಸುವ ಆಪರೇಟಿಂಗ್ ಸಿಸ್ಟಂನ ತಿರುಳು. ಖರ್ಚು ಜಾಸ್ತಿ, ಗೋಡೆ ಗಟ್ಟಿ.

ಇನ್ನೊಂದು ಬಗೆಯಲ್ಲಿ ಹಳೆಯ ಮನೆಯಲ್ಲೇ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಳ್ಳುತ್ತಾರೆ. ಒಲೆ ಬೇರೆ, ಬಾಗಿಲು ಬೇರೆ. ಆದರೆ ಅಡಿಪಾಯ ಒಂದೇ, ಮಾಳಿಗೆಯ ತೊಲೆ ಒಂದೇ, ಹಿತ್ತಲ ಬಾವಿ ಒಂದೇ. ಕಂಟೇನರ್ ಎಂದರೆ ಇದು. ಆ ಅಡಿಪಾಯವೇ ಕರ್ನಲ್. ಹತ್ತು ಕಂಟೇನರ್ ಇದ್ದರೂ ಕರ್ನಲ್ ಒಂದೇ. ಅದು ಬಿರುಕು ಬಿಟ್ಟರೆ ಹತ್ತೂ ಮನೆಗೆ ಅಪಾಯ.

ಗೋಡೆ ಎಬ್ಬಿಸಲು ಏನು ಬೇಕು?

ಒಂದು ಲಿನಕ್ಸ್ ಕಂಪ್ಯೂಟರ್ ಸಾಕು. ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ವಿಂಡೋಸ್‌ನವರು ‘ಡಬ್ಲ್ಯುಎಸ್‌ಎಲ್ 2’ ಹಾಕಿಕೊಂಡರೆ ಅದರೊಳಗೆ ನಿಜವಾದ ಲಿನಕ್ಸ್ ಕರ್ನಲ್ ಓಡುತ್ತದೆ.

ಶೆಲ್ ಸ್ಕ್ರಿಪ್ಟ್ ಎಂದರೆ ನಾವು ಒಂದೊಂದಾಗಿ ಟೈಪ್ ಮಾಡುವ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಪಟ್ಟಿ. ಗೌಂಡಿಗೆ “ಮೊದಲು ಇದು, ಆಮೇಲೆ ಅದು” ಎಂದು ಚೀಟಿ ಬರೆದುಕೊಟ್ಟ ಹಾಗೆ. ಚೀಟಿ ತಾನಾಗಿ ಗೋಡೆ ಕಟ್ಟುವುದಿಲ್ಲ, ಕಟ್ಟುವವನು ಕರ್ನಲ್. ಡಾಕರ್‌ನ ಮುಖ್ಯ ಕೆಲಸಗಳನ್ನು ನೂರರ ಆಸುಪಾಸು ಸಾಲುಗಳ ಬ್ಯಾಷ್ ಸ್ಕ್ರಿಪ್ಟ್‌ನಲ್ಲಿ ಮಾಡಿ ತೋರಿಸಿದ ‘ಬಾಕರ್’ ಎಂಬ ಯೋಜನೆ 2015ರಲ್ಲೇ ಬಂದಿದೆ. ನೂರು ಸಾಲಿನಲ್ಲಿ ‘ಇನ್ನೊಂದು ಕಂಪ್ಯೂಟರ್’ ಬರೆಯಲು ಆಗದು. ಕೆಲಸವೆಲ್ಲ ಮೊದಲೇ ಕರ್ನಲ್ ಒಳಗಿದೆ, ಸ್ಕ್ರಿಪ್ಟ್ ಅದನ್ನು ಕೇಳಿ ಮಾಡಿಸುತ್ತದೆ.

ಮೊದಲ ಹೆಜ್ಜೆ: ಬೇರೆ ಮನೆಯಂತೆ ಕಾಣುವ ಫೋಲ್ಡರ್

ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಮೂಲ ಫೈಲ್‌ಗಳ ಗಂಟು ಕೆಲವೇ ಎಂಬಿ ಇರುತ್ತದೆ. ಅದನ್ನು ಒಂದು ಫೋಲ್ಡರಿನಲ್ಲಿ ಬಿಚ್ಚುತ್ತೇವೆ. ನಂತರ ‘ಸಿಎಚ್‌ರೂಟ್’ ಎಂಬ ಕಮಾಂಡ್ ಕೊಟ್ಟು, “ಈ ಪ್ರೋಗ್ರಾಂಗೆ ಇನ್ನು ಮುಂದೆ ಇದೇ ಫೋಲ್ಡರ್ ಇಡೀ ಡಿಸ್ಕ್” ಎಂದು ಹೇಳುತ್ತೇವೆ. ಒಳಗಿನ ಪ್ರೋಗ್ರಾಂ ಮೇಲಿನ ಫೋಲ್ಡರಿಗೆ ಹತ್ತಲು ನೋಡಿದರೂ ಅಲ್ಲೇ ನಿಲ್ಲುತ್ತದೆ.

ಇದು 1979ರ ಯುನಿಕ್ಸ್‌ನಲ್ಲೇ ಇದ್ದ ಉಪಾಯ. ಕಾವಲಿಗೆಂದು ಮಾಡಿದ್ದಲ್ಲ. ಒಳಗಿರುವವರಿಗೆ ‘ರೂಟ್’ ಅಧಿಕಾರ, ಅಂದರೆ ಯಜಮಾನನ ಅಧಿಕಾರ ಇದ್ದರೆ ಈ ಗೋಡೆ ಹಾರಲು ಗೊತ್ತಿರುವ ದಾರಿಗಳಿವೆ. ಆದ್ದರಿಂದ ನಿಜವಾದ ಕಂಟೇನರ್ ತಂತ್ರಾಂಶಗಳು ‘ಪಿವಟ್ ರೂಟ್’ ಬಳಸುತ್ತವೆ. ಅದು ಹಳೆಯ ಡಿಸ್ಕನ್ನು ಒಳಗಿನ ನೋಟದಿಂದ ಪೂರ್ತಿ ಕಳಚಿಹಾಕಲು ಬಿಡುತ್ತದೆ.

ಎರಡನೇ ಹೆಜ್ಜೆ: ಒಂದೇ ಸಂಖ್ಯೆ, ಬೇರೆ ಊರು

ನಮ್ಮ ಐದೂ ಊರುಗಳಲ್ಲಿ ‘ಒಂದನೇ ವಾರ್ಡ್’ ಇದೆ. ಚಿಕ್ಕೋಡಿಯವರಿಗೆ ಅದು ಚಿಕ್ಕೋಡಿಯದು, ಅಥಣಿಯವರಿಗೆ ಅಥಣಿಯದು. ಗೊಂದಲವೇನೂ ಆಗುವುದಿಲ್ಲ. ಬೆಳಗಾವಿಯ ಜಿಲ್ಲಾ ಕಚೇರಿ ಮಾತ್ರ ಯಾವ ಊರಿನ ಒಂದನೇ ವಾರ್ಡ್ ಎಂದು ಲೆಕ್ಕ ಇಟ್ಟಿರುತ್ತದೆ.

ಲಿನಕ್ಸ್‌ನಲ್ಲಿ ಇದಕ್ಕೆ ‘ನೇಮ್‌ಸ್ಪೇಸ್’ ಎನ್ನುತ್ತಾರೆ. ‘ಅನ್‌ಶೇರ್’ ಕಮಾಂಡ್ ಕೊಟ್ಟರೆ ಹೊಸ ನೇಮ್‌ಸ್ಪೇಸ್ ಸಿಗುತ್ತದೆ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ, ಕಂಪ್ಯೂಟರಿನ ಹೆಸರು, ನೆಟ್‌ವರ್ಕ್, ಡಿಸ್ಕ್ ಜೋಡಣೆ, ಬಳಕೆದಾರರ ಸಂಖ್ಯೆ ಹೀಗೆ ಒಂದೊಂದಕ್ಕೂ ಬೇರೆ ಬೇರೆ ನೇಮ್‌ಸ್ಪೇಸ್ ಇದೆ. ಇವು ಒಂದೇ ದಿನ ಬಂದವಲ್ಲ. ಡಿಸ್ಕ್ ಜೋಡಣೆಯದು 2002ರಲ್ಲಿ, ಪ್ರೋಗ್ರಾಂ ಪಟ್ಟಿಯದು 2008ರಲ್ಲಿ ಲಿನಕ್ಸ್ ಸೇರಿತು. ಬಳಕೆದಾರರದು 2013ರಲ್ಲಿ ಪೂರ್ಣ ರೂಪಕ್ಕೆ ಬಂತು.

ಒಳಗೆ ನಿಂತು ಪ್ರೋಗ್ರಾಂಗಳ ಪಟ್ಟಿ ತೆಗೆದರೆ ಎರಡು ಮೂರೇ ಹೆಸರು ಕಾಣುತ್ತವೆ, ನಮ್ಮ ಶೆಲ್‌ನ ಸಂಖ್ಯೆ 1. ಅದೇ ಶೆಲ್ ಅನ್ನು ಹೊರಗಿನಿಂದ ನೋಡಿದರೆ ಅದು ನೂರಾರು ಪ್ರೋಗ್ರಾಂಗಳ ನಡುವೆ ಇನ್ನೊಂದು, ಅದರ ಸಂಖ್ಯೆ 4127ರಂಥ ಏನೋ ಒಂದು. ಒಳಗಿನವರಿಗೆ ಹೊರಗೆ ಕಾಣದು, ಹೊರಗಿನವರಿಗೆ ಒಳಗೆಲ್ಲ ಕಾಣುತ್ತದೆ. ಪಟ್ಟಿ ಸರಿಯಾಗಿ ಕಾಣಬೇಕೆಂದರೆ ಒಳಗೆ ‘ಪ್ರಾಕ್’ ಎಂಬ ಫೋಲ್ಡರನ್ನು ಹೊಸದಾಗಿ ಜೋಡಿಸಬೇಕು. ಹೊಸಬರು ಮರೆಯುವುದು ಇದನ್ನೇ.

ಮೂರನೇ ಹೆಜ್ಜೆ: ನೀರಿನ ಪಾಳಿ

ಗೋಡೆ ಎದ್ದಿತು, ಬಾವಿ ಇನ್ನೂ ಒಂದೇ. ಒಬ್ಬನೇ ದಿನವಿಡೀ ಪಂಪು ಹಾಕಿಕೊಂಡು ಕುಳಿತರೆ ಉಳಿದವರ ಕಬ್ಬು ಒಣಗುತ್ತದೆ. ಅದಕ್ಕೇ ಪಾಳಿ ಹಚ್ಚುತ್ತೇವೆ. ಕಂಪ್ಯೂಟರಿನಲ್ಲಿ ಪಾಳಿ ಹಚ್ಚುವುದು ‘ಸಿಗ್ರೂಪ್’.

ಶೆಲ್ ಸ್ಕ್ರಿಪ್ಟ್‌ನಲ್ಲಿ ಇದು ಎಲ್ಲಕ್ಕಿಂತ ಸುಲಭದ ಭಾಗ. ಸಿಗ್ರೂಪ್‌ಗೆ ಮೀಸಲಾದ ಜಾಗದಲ್ಲಿ ಒಂದು ಫೋಲ್ಡರ್ ಮಾಡಿದರೆ ಸಾಕು, ಅದರೊಳಗೆ ಹತ್ತಾರು ಫೈಲ್‌ಗಳು ತಾವಾಗಿ ಹುಟ್ಟುತ್ತವೆ. ಮೆಮೊರಿ ಮಿತಿಯ ಫೈಲಿನಲ್ಲಿ ‘100 ಎಂ’ ಎಂದು ಬರೆದರೆ 100 ಎಂಬಿ ಮಿತಿ. ಪ್ರೊಸೆಸರ್ ಫೈಲಿನಲ್ಲಿ ‘50000 100000’ ಎಂದು ಬರೆದರೆ ಪ್ರತಿ 100 ಮಿಲಿಸೆಕೆಂಡಿಗೆ 50 ಮಿಲಿಸೆಕೆಂಡ್ ಪಾಳಿ, ಅಂದರೆ ಅರ್ಧ ಪ್ರೊಸೆಸರ್. ಇನ್ನೊಂದರಲ್ಲಿ 20 ಎಂದು ಬರೆದರೆ ಇಪ್ಪತ್ತಕ್ಕಿಂತ ಹೆಚ್ಚು ಪ್ರೊಸೆಸ್ ಹುಟ್ಟುವಂತಿಲ್ಲ. ಕೊನೆಗೆ ನಮ್ಮ ಶೆಲ್‌ನ ಸಂಖ್ಯೆಯನ್ನು ಸದಸ್ಯರ ಪಟ್ಟಿಯ ಫೈಲಿಗೆ ಸೇರಿಸಿದರೆ ಪಾಳಿ ಜಾರಿ. ಮೆಮೊರಿ ಮಿತಿ ಮೀರಿ ಜಾಗ ಸಿಗದಾದಾಗ ಕರ್ನಲ್ ಆ ಗುಂಪಿನ ಪ್ರೋಗ್ರಾಂ ಒಂದನ್ನು ಕೊಂದುಹಾಕುತ್ತದೆ, ಪಕ್ಕದ ಮನೆಗೆ ಕೈ ಹಾಕುವುದಿಲ್ಲ.

ಈ ಪಾಳಿಗೆ ಬೆಂಗಳೂರಿನ ಕೈಯೂ ಇದೆ

ಇದೆಲ್ಲ ಅಮೆರಿಕದಲ್ಲೇ ಆದದ್ದು ಎಂದು ತಿಳಿಯಬೇಡಿ. ಸಿಗ್ರೂಪ್ ಕೆಲಸವನ್ನು 2006ರಲ್ಲಿ ಗೂಗಲ್‌ನ ಪಾಲ್ ಮೆನೇಜ್, ರೋಹಿತ್ ಸೇಠ್ ಮೊದಲಾದ ಎಂಜಿನಿಯರರು ಆರಂಭಿಸಿದರು. ಮೊದಲಿಗೆ ಅದರ ಹೆಸರೇ ‘ಪ್ರೊಸೆಸ್ ಕಂಟೇನರ್’. ‘ಕಂಟೇನರ್’ ಎಂಬ ಪದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚುತ್ತಿದ್ದುದರಿಂದ ‘ಕಂಟ್ರೋಲ್ ಗ್ರೂಪ್’ ಎಂದು ಬದಲಿಸಿದರು. ಗೊಂದಲ ಅಷ್ಟು ಹಳೆಯದು.

ಆ ಚೌಕಟ್ಟಿನೊಳಗೆ ಕೂತ ಎರಡು ಮುಖ್ಯ ಭಾಗಗಳಲ್ಲಿ ಐಬಿಎಂನ ಬೆಂಗಳೂರಿನ ಲಿನಕ್ಸ್ ಎಂಜಿನಿಯರರ ದುಡಿಮೆ ಇದೆ. ಮೆಮೊರಿ ಮಿತಿಯ ಭಾಗಕ್ಕೆ ಬಲಬೀರ್ ಸಿಂಗ್ ಅವರ ಹೆಸರೂ, ಪ್ರೊಸೆಸರ್ ಪಾಳಿಯನ್ನು ಗುಂಪುಗಳಿಗೆ ಹಂಚುವ ಭಾಗಕ್ಕೆ ಶ್ರೀವತ್ಸ ವಡ್ಡಗಿರಿ ಅವರ ಹೆಸರೂ ಕರ್ನಲ್‌ನ ಮೂಲ ಫೈಲ್‌ಗಳಲ್ಲೇ, 2007ರ ಐಬಿಎಂ ಹಕ್ಕುಸಾಲಿನ ಜತೆ ದಾಖಲಾಗಿವೆ. 2008ರಲ್ಲಿ ಇವು ಲಿನಕ್ಸ್ ಜತೆ ಬಿಡುಗಡೆಯಾದವು. ರಾಯಬಾಗದ ವಿದ್ಯಾರ್ಥಿ ಆ ಫೈಲಿನಲ್ಲಿ ‘100 ಎಂ’ ಎಂದು ಬರೆದಾಗ ಓಡುವುದು, ಆಮೇಲೆ ಎಷ್ಟೋ ಜನ ತಿದ್ದಿ ಬೆಳೆಸಿದ್ದರೂ, ಅಲ್ಲಿಂದ ಶುರುವಾದ ಕೋಡ್.

ಗೋಡೆಯ ಅಳತೆ ತಿಳಿಯುವ ಎರಡು ಪರೀಕ್ಷೆ

ನಮ್ಮ ಪುಟ್ಟ ಕಂಟೇನರ್ ಸಿದ್ಧ. ಈಗ ಒಳಗೆ ನಿಂತು ‘ಯುನೇಮ್’ ಕಮಾಂಡ್‌ನಿಂದ ಕರ್ನಲ್ ಆವೃತ್ತಿ ಕೇಳಿ. ಹೊರಗೂ ಅದನ್ನೇ ಕೇಳಿ. ಒಳಗೆ ಆಲ್ಪೈನ್, ಹೊರಗೆ ಉಬುಂಟು ಇದ್ದರೂ ಉತ್ತರ ಒಂದೇ. ಬೇರೆ ಕಂಪ್ಯೂಟರ್ ಆಗಿದ್ದರೆ ಅದಕ್ಕೆ ತನ್ನದೇ ಕರ್ನಲ್ ಇರುತ್ತಿತ್ತು. ಮಾತು 1 ಇಲ್ಲಿಗೆ ಬಿದ್ದುಹೋಯಿತು.

ಎರಡನೆಯದು ಗಡಿಯಾರ. ಈ ಸರಳ ಸ್ಕ್ರಿಪ್ಟನ್ನು ರೂಟ್ ಆಗಿ ಓಡಿಸಿ, ಬೇರೆ ನಿರ್ಬಂಧ ಹಾಕದೆ, ಒಳಗೆ ದಿನಾಂಕ ಬದಲಿಸಿದರೆ ಇಡೀ ಕಂಪ್ಯೂಟರಿನ ದಿನಾಂಕವೇ ಬದಲಾಗುತ್ತದೆ. ನಾವು ಗಡಿಯಾರಕ್ಕೆ ಗೋಡೆ ಹಾಕಲೇ ಇಲ್ಲ! ಒಳಗಿನ ರೂಟ್ ಹೊರಗೂ ರೂಟ್. ಇದೇ ನಿಜವಾದ ಅಪಾಯ.

ಅದಕ್ಕೇ ಡಾಕರ್‌ನಂಥ ತಂತ್ರಾಂಶಗಳು ಇನ್ನೂ ಮೂರು ಕೆಲಸ ಮಾಡುತ್ತವೆ. ರೂಟ್‌ನ ಅಧಿಕಾರವನ್ನು ತುಂಡು ತುಂಡಾಗಿ ಒಡೆದು ಬೇಡದವನ್ನು ಕಿತ್ತುಕೊಳ್ಳುತ್ತವೆ. ಕರ್ನಲ್‌ಗೆ ಕೇಳಬಹುದಾದ ಪ್ರಶ್ನೆಗಳಿಗೆ ‘ಸೆಕ್‌ಕಾಂಪ್’ ಎಂಬ ಜರಡಿ ಹಿಡಿಯುತ್ತವೆ. ಬೇಕೆಂದರೆ ಒಳಗಿನ ರೂಟ್ ಹೊರಗೆ ಸಾಮಾನ್ಯ ಬಳಕೆದಾರ ಆಗುವಂತೆಯೂ ಮಾಡುತ್ತವೆ. ಇಷ್ಟಿದ್ದೂ 2019ರ ಫೆಬ್ರವರಿಯಲ್ಲಿ, ಡಾಕರ್ ನೆಚ್ಚಿಕೊಂಡಿರುವ ‘ರನ್‌ಸಿ’ ಎಂಬ ಭಾಗದಲ್ಲಿ ಒಂದು ದೋಷ ಬಯಲಾಯಿತು. ಕಂಟೇನರ್ ಒಳಗಿನ ದುಷ್ಟ ಪ್ರೋಗ್ರಾಂ ಹೊರಗಿನ ರನ್‌ಸಿ ಫೈಲನ್ನೇ ತಿದ್ದಿ, ಇಡೀ ಯಂತ್ರದ ರೂಟ್ ಅಧಿಕಾರ ಪಡೆಯಬಹುದಿತ್ತು. ತಿದ್ದುಪಡಿ ಕೂಡಲೇ ಬಂತು. ಅಪ್‌ಡೇಟ್ ಮಾಡಿಕೊಂಡವರು ಉಳಿದರು.

ಕಲಿಯುವವರಿಗೆ ಒಂದು ಮಾತು: ಇಂಥ ಸ್ಕ್ರಿಪ್ಟ್ ಪಾಠಕ್ಕೆ ಬಹಳ ಒಳ್ಳೆಯದು, ಕಾವಲಿಗೆ ಅಲ್ಲ. ವರ್ಚುವಲ್ ಮಷಿನ್ ಒಳಗೆ ಓಡಿಸಿ. ಊರವರ ಆಧಾರ್, ಪಹಣಿ ಇರುವ ಸೇವಾಕೇಂದ್ರದ ಕಂಪ್ಯೂಟರಿನಲ್ಲಿ ಬೇಡ.

ನಿಮ್ಮ ಫೋನಿನಲ್ಲೂ ಇದೇ ಕರ್ನಲ್

ಆಂಡ್ರಾಯ್ಡ್ ಫೋನಿನ ಅಡಿಪಾಯವೂ ಲಿನಕ್ಸ್ ಕರ್ನಲ್. ಆಂಡ್ರಾಯ್ಡ್ ಪ್ರತಿ ಆ್ಯಪ್‌ಗೆ ಬೇರೆ ಬಳಕೆದಾರ ಸಂಖ್ಯೆ ಕೊಡುತ್ತದೆ, ಆದ್ದರಿಂದ ಒಂದು ಆ್ಯಪ್‌ನ ಖಾಸಗಿ ಫೋಲ್ಡರನ್ನು ಇನ್ನೊಂದು ತೆರೆಯಲಾರದು. ಮೇಲೆ ‘ಎಸ್‌ಇಲಿನಕ್ಸ್’ ಎಂಬ ಕಾವಲು. ನಾವು ಈಗಷ್ಟೇ ಕಂಡ ಸೆಕ್‌ಕಾಂಪ್ ಜರಡಿ ಆಂಡ್ರಾಯ್ಡ್ 8ರಿಂದ ಎಲ್ಲ ಆ್ಯಪ್‌ಗಳಿಗೂ ಇದೆ. ಹಿಂದೆ ಸುಮ್ಮನೆ ಕುಳಿತ ಆ್ಯಪ್‌ಗಳಿಗೆ ಕಡಿಮೆ ಪಾಳಿ ಕೊಡುವುದೂ ಅದೇ ಸಿಗ್ರೂಪ್.

ಹಾಗಾದರೆ ಮಾತು 2 ನಿಜವಲ್ಲವೇ? ಪ್ರತಿ ಆ್ಯಪ್‌ಗೂ ಗೋಡೆ ಇದೆ ಎಂಬುದು ನಿಜ. “ಹಾಕಿ ನೋಡಿ, ಏನೂ ಆಗಲ್ಲ” ಎಂಬುದು ಸುಳ್ಳು. ಮೋಸಗಾರ ಗೋಡೆ ಒಡೆಯುವ ಕಷ್ಟಕ್ಕೆ ಹೋಗುವುದೇ ಅಪರೂಪ. ಅವನು ನಿಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತಾನೆ.

ಪಿಎಂ ಕಿಸಾನ್, ಆರ್‌ಟಿಒ ಚಲನ್, ಬ್ಯಾಂಕ್ ಕೆವೈಸಿ, ಮದುವೆ ಆಮಂತ್ರಣ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ‘ಎಪಿಕೆ’ ಫೈಲ್‌ಗಳ ಬಗ್ಗೆ ಪೊಲೀಸರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಆಮಂತ್ರಣ ಎಂದರೆ ಫೋಟೊ ಅಥವಾ ಪಿಡಿಎಫ್ ಇರಬೇಕು. ಎಪಿಕೆ ಎಂದರೆ ಆ್ಯಪ್. ತೆರೆದರೆ ಅದು ಒಂದೊಂದಾಗಿ ಕೇಳುತ್ತದೆ:

• ಎಸ್‌ಎಂಎಸ್ ಓದಲು ಅನುಮತಿ: ಕೊಟ್ಟರೆ ಬ್ಯಾಂಕಿನ ಒಟಿಪಿ ಅದರ ಕಣ್ಣಿಗೆ ಬೀಳುತ್ತದೆ.

• ನೋಟಿಫಿಕೇಶನ್ ಓದಲು ಅನುಮತಿ: ಬೇರೆ ಆ್ಯಪ್‌ಗಳ ಸಂದೇಶವೂ ಅದಕ್ಕೆ ಕಾಣುತ್ತದೆ.

• ‘ಆಕ್ಸೆಸಿಬಿಲಿಟಿ’ ಅನುಮತಿ: ಇದು ಕಣ್ಣು ಕಾಣದವರಿಗೆ, ಕೈ ಆಡದವರಿಗೆ ನೆರವಾಗಲೆಂದು ಇರುವ ಸೌಲಭ್ಯ. ಮೋಸದ ಆ್ಯಪ್‌ಗೆ ಕೊಟ್ಟರೆ ಅದು ಪರದೆಯಲ್ಲಿರುವುದನ್ನು ಓದಿ, ನಿಮ್ಮ ಪರವಾಗಿ ಬಟನ್ ಒತ್ತಬಹುದು.

ನಡುಗೋಡೆ ಎಷ್ಟೇ ದಪ್ಪವಿರಲಿ, ಬೀಗದ ಕೈಯನ್ನು ನಾವೇ ಕೊಟ್ಟ ಮೇಲೆ ಗೋಡೆಯನ್ನು ಬೈದು ಪ್ರಯೋಜನವಿಲ್ಲ. ಆಮೇಲೆ ಆ್ಯಪ್ ತೆಗೆದರೂ ಅಷ್ಟರಲ್ಲಿ ಹೋದ ಒಟಿಪಿ, ಹೋದ ಹಣ ತಾನಾಗಿ ವಾಪಸ್ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

1. ಫೈಲಿನ ಹೆಸರಿನ ಕೊನೆಗೆ ‘ಎಪಿಕೆ’ ಇದ್ದರೆ ತೆರೆಯಬೇಡಿ. ಕಳಿಸಿದವರು ಪರಿಚಯದವರಾದರೂ ಫೋನ್ ಮಾಡಿ ಕೇಳಿ. ಅವರ ವಾಟ್ಸ್‌ಆ್ಯಪ್ ಬೇರೆಯವರ ಕೈಯಲ್ಲಿರಬಹುದು.

2. ಸೆಟ್ಟಿಂಗ್ಸ್‌ನಲ್ಲಿ ‘ಅಪರಿಚಿತ ಆ್ಯಪ್‌ಗಳ ಇನ್‌ಸ್ಟಾಲ್’ ಎಂಬಲ್ಲಿ ವಾಟ್ಸ್‌ಆ್ಯಪ್‌ಗೆ ಅನುಮತಿ ಇದ್ದರೆ ತೆಗೆಯಿರಿ.

3. ಆಕ್ಸೆಸಿಬಿಲಿಟಿ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಹೆಸರು ಇದ್ದರೆ ಆಫ್ ಮಾಡಿ, ಆ ಆ್ಯಪ್ ತೆಗೆಯಿರಿ.

4. ಫೋನಿನ ಅಪ್‌ಡೇಟ್ ಮುಂದೂಡಬೇಡಿ. ಅಡಿಪಾಯದ ಬಿರುಕು ಮುಚ್ಚುವುದು ಅದೇ.

5. ಎಪಿಕೆ ಹಾಕಿ ಅನುಮತಿ ಕೊಟ್ಟಾಗಿದ್ದರೆ ಮೊದಲು ಮೊಬೈಲ್ ಡೇಟಾ, ವೈಫೈ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಬೇಗ ಹೇಳಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಹೆಚ್ಚು.

ಕೊನೆಯ ಮಾತು

ಕಂಟೇನರ್ ಮಾಯಾಪೆಟ್ಟಿಗೆಯಲ್ಲ. ಒಂದು ಫೋಲ್ಡರ್, ಒಂದಷ್ಟು ನೇಮ್‌ಸ್ಪೇಸ್, ನಾಲ್ಕು ಫೈಲ್‌ಗಳಲ್ಲಿ ಬರೆದ ಪಾಳಿ, ಇಷ್ಟನ್ನೂ ಒಪ್ಪಿಸಿಕೊಂಡ ಕರ್ನಲ್. ಶೆಲ್ ಸ್ಕ್ರಿಪ್ಟ್‌ನಲ್ಲಿ ಕಟ್ಟಿ ನೋಡಿದವರಿಗೆ ಯಾವ ಗೋಡೆ ಎಲ್ಲಿ ನಿಂತಿದೆ, ಎಲ್ಲಿ ನಿಂತಿಲ್ಲ ಎಂಬುದು ಗೊತ್ತಿರುತ್ತದೆ. “ಡಬ್ಬಿಯಲ್ಲಿದೆ, ಏನೂ ಆಗಲ್ಲ” ಎಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿ: ಅಡಿಪಾಯ ಯಾರದು? ಬಾಗಿಲು ಎಷ್ಟು? ಬೀಗದ ಕೈ ಯಾರ ಹತ್ತಿರ? ಉತ್ತರ ಸಿಗುವವರೆಗೆ ಫೈಲ್ ತೆರೆಯಬೇಡಿ, ಮುಂದಕ್ಕೂ ಕಳಿಸಬೇಡಿ.